ಶಿರಾಡಿ ಮಳೆಗೆ ಎಂಥ ಟೈರ್? ನನ್ನ ಇಲೆಕ್ಟ್ರಿಕ್ ಕಾರಿಗೆ ಹುಡುಕಿದ ಅನುಭವ

ಜೂನ್ ಕೊನೆಯ ಒಂದು ಶನಿವಾರ ಮಾರನಹಳ್ಳಿ ದಾಟಿ ಶಿರಾಡಿ ಘಾಟಿ ಇಳಿಯುತ್ತಿದ್ದಾಗ ಕಾರಿನ ಸ್ಟಿಯರಿಂಗ್ ಒಮ್ಮೆಲೇ ಹಗುರವಾಯಿತು. ಜೋರು ಮಳೆ. ಕಾಂಕ್ರೀಟ್ ರಸ್ತೆಯ ಒಂದು ಮಗ್ಗುಲಲ್ಲಿ ನೀರು ಹರಿಯದೆ ನಿಂತಿತ್ತು. ಮುಂದೆ ಕೆಎಸ್‌ಆರ್‌ಟಿಸಿ ಬಸ್ಸಿನ ಕೆಂಪು ದೀಪ ಹತ್ತಿದ್ದು ನೋಡಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ, ಅಷ್ಟೇ. ಮುಂದಿನ ಚಕ್ರಗಳು ನೀರಿನ ಮೇಲೆ ತೇಲಿದವು. ಒಂದು ಸೆಕೆಂಡು ಇರಬಹುದು, ಎರಡಿರಬಹುದು. ಆಮೇಲೆ ಟೈರು ಮತ್ತೆ ನೆಲ ಕಚ್ಚಿತು, ಬಸ್ಸಿಗೂ ನನಗೂ ನಡುವೆ ಬೇಕಾದಷ್ಟು ಜಾಗವೂ ಇತ್ತು. ಆದರೆ ಪಕ್ಕದ ಸೀಟಿನಲ್ಲಿದ್ದ ಮಗಳು ನನ್ನ ಮುಖ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಗುಂಡ್ಯ ತಲುಪುವವರೆಗೆ ಇಬ್ಬರೂ ಮಾತಾಡಲಿಲ್ಲ.

ನಾವಿರುವುದು ಹಾಸನದಲ್ಲಿ. ಅಮ್ಮ ಉಪ್ಪಿನಂಗಡಿಯಲ್ಲಿ ಒಬ್ಬರೇ ಇದ್ದಾರೆ. ತಿಂಗಳಿಗೆ ಎರಡು ಸಲ, ಕೆಲವೊಮ್ಮೆ ಮೂರು ಸಲ ಈ ನೂರ ಹದಿನೈದು ಕಿಲೋಮೀಟರ್ ನನಗೆ ತಪ್ಪಿದ್ದಲ್ಲ. 2021ರಲ್ಲಿ ಟಾಟಾ ನೆಕ್ಸಾನ್ ಇವಿ ತೆಗೆದುಕೊಂಡೆವು, 30.2 ಕಿಲೋವ್ಯಾಟ್ ಅವರ್ ಬ್ಯಾಟರಿಯ ಮೊದಲಿನ ಮಾದರಿ. ನಲವತ್ತನಾಲ್ಕು ಸಾವಿರ ಕಿಲೋಮೀಟರ್ ಓಡಿದೆ. ಟೈರುಗಳು ಕಾರಿನ ಜೊತೆ ಬಂದವೇ. ಗಾಳಿ ನೋಡುತ್ತಿದ್ದೆ, ಪಂಕ್ಚರ್ ಆದರೆ ಹಾಕಿಸುತ್ತಿದ್ದೆ. ಅದಕ್ಕಿಂತ ಹೆಚ್ಚು ಅವುಗಳ ಬಗ್ಗೆ ಯೋಚಿಸಿರಲಿಲ್ಲ.

ಅವತ್ತು ಅಮ್ಮನ ಮನೆ ಅಂಗಳದಲ್ಲಿ ಕಾರು ನಿಲ್ಲಿಸಿ, ಮಳೆ ಬಿಟ್ಟ ಮೇಲೆ ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿ ಮುಂದಿನ ಟೈರಿನ ಎದುರು ಕುಕ್ಕರುಗಾಲಲ್ಲಿ ಕೂತೆ. ಹೊರಗಿನಿಂದ ನೋಡಿದರೆ ಟೈರಿನಲ್ಲಿ ಇನ್ನೂ ಗ್ರಿಪ್ ಇದೆ ಅನ್ನಿಸುತ್ತಿತ್ತು. ಬೆರಳು ಹಾಕಿ ನೋಡಿದಾಗ ಗೊತ್ತಾಯಿತು. ಟೈರಿನ ಉದ್ದನೆಯ ತೋಡುಗಳ ತಳದಲ್ಲಿ ಅಲ್ಲಲ್ಲಿ ಒಂದು ಸಣ್ಣ ರಬ್ಬರ್ ದಿಣ್ಣೆ ಇರುತ್ತದೆ, ಸವೆತದ ಗುರುತು. ಅದರ ಎತ್ತರ 1.6 ಮಿಲಿಮೀಟರ್. ಟೈರಿನ ಮೈ ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಟೈರಿನ ಆಯಸ್ಸು ಮುಗಿಯಿತು ಎಂದು ಲೆಕ್ಕ. ನನ್ನದು ದಿಣ್ಣೆಗಿಂತ ಉಗುರಿನಷ್ಟು ಮಾತ್ರ ಮೇಲಿತ್ತು. ಹಾಸನಕ್ಕೆ ಬಂದು ಆಳ ಅಳೆಯುವ ಪುಟ್ಟ ಗೇಜ್ ತರಿಸಿ ಅಳೆದೆ. ಮುಂದಿನ ಎಡ 2.3, ಮುಂದಿನ ಬಲ 2.5. ಹಿಂದಿನ ಎರಡೂ 4.8. ಹೊಸ ಟೈರಿನಲ್ಲಿ ಇದು ಏಳೂವರೆ-ಎಂಟು ಮಿಲಿಮೀಟರ್ ಇರುತ್ತದೆ.

ಮುಂದಿನವು ಯಾಕೆ ಹಿಂದಿನವಕ್ಕಿಂತ ಇಷ್ಟು ಬೇಗ ಸವೆದವು? ಉತ್ತರ ಕಾರಿನ ರಚನೆಯಲ್ಲೇ ಇದೆ. ಮೋಟರ್ ಎಳೆಯುವುದು ಮುಂದಿನ ಚಕ್ರಗಳನ್ನು. ಪೆಡಲ್ ಬಿಟ್ಟಾಗ ಅದೇ ಮೋಟರ್ ಜನರೇಟರ್ ಆಗಿ ಕರೆಂಟು ಹಿಂದಕ್ಕೆ ಬ್ಯಾಟರಿಗೆ ಕಳಿಸುತ್ತದಲ್ಲ, ಆ ಹಿಡಿತ ಬೀಳುವುದೂ ಮುಂದಿನ ಚಕ್ರಗಳ ಮೇಲೇ. ಎಳೆಯುವುದೂ ಅವೇ, ಹಿಡಿಯುವುದೂ ಅವೇ, ತಿರುಗಿಸುವುದೂ ಅವೇ. ಇದರ ಮೇಲೆ 245 ನ್ಯೂಟನ್ ಮೀಟರ್ ಟಾರ್ಕು, ಅಂದರೆ ಚಕ್ರ ತಿರುಗಿಸುವ ಬಲ, ಪೆಡಲ್ ಒತ್ತಿದ ತಕ್ಷಣ ಸಿಗುತ್ತದೆ. ಕಾರಿನ ತೂಕ 1,400 ಕಿಲೋ, ಇದೇ ಕಾರಿನ ಪೆಟ್ರೋಲ್ ಮಾದರಿಗಿಂತ ಒಂದೂವರೆ ಕ್ವಿಂಟಲಿಗೂ ಹೆಚ್ಚು. ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಮುಂದಿನ ಟೈರು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಬದಲಿಸಿದ್ದರೆ ನಾಲ್ಕೂ ಒಂದೇ ಸಮ ಸವೆಯುತ್ತಿದ್ದವು. ನಾನು ಬದಲಿಸಿದ್ದು ಒಂದೇ ಸಲ.

ಆವತ್ತು ಘಾಟಿಯಲ್ಲಿ ಆದದ್ದೂ ಆಗ ಅರ್ಥವಾಯಿತು. ಟೈರಿನ ತೋಡುಗಳ ಕೆಲಸ ನೀರನ್ನು ಪಕ್ಕಕ್ಕೆ ದಬ್ಬುವುದು. ತೋಡು ಆಳವಿಲ್ಲದಿದ್ದರೆ ನೀರಿಗೆ ಹೋಗಲು ದಾರಿಯಿಲ್ಲ, ಟೈರೇ ನೀರಿನ ಮೇಲೇರುತ್ತದೆ. ಪೆಡಲ್ ಬಿಟ್ಟದ್ದರಿಂದ ಮೋಟರಿನ ಹಿಡಿತವೂ ಅದೇ ಕ್ಷಣಕ್ಕೆ ಬಿತ್ತು. ನಾನು ಬ್ರೇಕ್ ತುಳಿದಿರಲಿಲ್ಲ, ಆದರೂ ಮುಂದಿನ ಚಕ್ರಗಳ ಮಟ್ಟಿಗೆ ಅದು ಬ್ರೇಕೇ.

ಟೈರ್ ಬದಲಿಸಬೇಕು ಎನ್ನುವುದರಲ್ಲಿ ಅನುಮಾನ ಇರಲಿಲ್ಲ. ಯಾವುದು ಎನ್ನುವುದಕ್ಕೆ ಎರಡು ವಾರ ಹಿಡಿಯಿತು.

ಯಾರನ್ನು ಕೇಳಿದರೂ ಮೊದಲ ಮಾತು ರೇಂಜ್, ಅಂದರೆ ಒಂದು ಚಾರ್ಜಿಗೆ ಕಾರು ಓಡುವ ದೂರ. "ಬೇರೆ ಟೈರ್ ಹಾಕಿಸಿದ್ರೆ ರೇಂಜ್ ಬಿದ್ದೋಗುತ್ತೆ ಮೇಡಂ," ಎಂದು ಕಾಲೇಜಿನ ಸಹೋದ್ಯೋಗಿಯೊಬ್ಬರು ಹೇಳಿದರು. ಅವರೂ ಇವಿ ಓಡಿಸುವವರು. ಅವರ ಮಾತು ಸುಳ್ಳೇನಲ್ಲ. ಉರುಳುವ ಟೈರು ನೆಲಕ್ಕೆ ತಾಗಿದ ಕಡೆ ಅಮುಕುತ್ತದೆ, ನೆಲ ಬಿಟ್ಟ ಕಡೆ ಮತ್ತೆ ಉಬ್ಬುತ್ತದೆ. ಹೀಗೆ ಅಮುಕಿ ಉಬ್ಬುವಾಗ ರಬ್ಬರ್ ಬಿಸಿಯಾಗುತ್ತದೆ. ಆ ಬಿಸಿ ಬ್ಯಾಟರಿಯಿಂದ ಹೋದ ಕರೆಂಟೇ. ದೂರ ಓಡಿ ನಿಂತ ಕಾರಿನ ಟೈರ್ ಮುಟ್ಟಿ ನೋಡಿದರೆ ಕೈಗೇ ಗೊತ್ತಾಗುತ್ತದೆ. ಉರುಳುವುದಕ್ಕೆ ಆಗುವ ಈ ತಡೆ ಕಡಿಮೆಯಿರುವ ಟೈರನ್ನೇ ಇವಿ ಕಂಪನಿಗಳು ಕಾರಿಗೆ ಹಾಕಿ ಕೊಡುತ್ತವೆ. ನಾವು ಬದಲಿಸುವಾಗ ಬೇರೆ ರಬ್ಬರಿನದು ಹಾಕಿದರೆ ಒಂದಷ್ಟು ಕಿಲೋಮೀಟರ್ ಹೋಗುವುದು ನಿಜ.

ಆದರೆ ಎಷ್ಟು ಹೋಗುತ್ತದೆ? ಒಂದು ರಾತ್ರಿ ಲೆಕ್ಕ ಹಾಕಿ ನೋಡಿದೆ. ನನ್ನ ಕಾರು ಒಂದು ಯೂನಿಟ್ಟಿಗೆ, ಅಂದರೆ ಒಂದು ಕಿಲೋವ್ಯಾಟ್ ಅವರ್‌ಗೆ, ಸುಮಾರು ಏಳು ಕಿಲೋಮೀಟರ್ ಕೊಡುತ್ತದೆ. ಹಾಸನದಿಂದ ಉಪ್ಪಿನಂಗಡಿಗೆ ಹದಿನಾರು ಯೂನಿಟ್ ಎಂದಿಟ್ಟುಕೊಳ್ಳಿ. ಟೈರಿನಿಂದ ನೂರಕ್ಕೆ ಐದರಷ್ಟು ನಷ್ಟವಾದರೂ ಹೋಗುವುದು 0.8 ಯೂನಿಟ್. ಮನೆಯಲ್ಲಿ ಚಾರ್ಜ್ ಮಾಡಿದರೆ ಹತ್ತು ರೂಪಾಯಿಯೊಳಗೆ. ಬರುವಾಗ ಗುಂಡ್ಯದಿಂದ ಸಕಲೇಶಪುರಕ್ಕೆ ಸುಮಾರು 800 ಮೀಟರ್ ಮೇಲೇರಬೇಕು. ಜನ, ಸಾಮಾನು ಸೇರಿ 1,600 ಕಿಲೋವನ್ನು ಅಷ್ಟೆತ್ತರಕ್ಕೆ ಎತ್ತುವುದಕ್ಕೇ ಮೂರೂವರೆ ಯೂನಿಟ್ ಬೇಕು. ಘಾಟಿ ತಿನ್ನುವುದರ ಎದುರು ಟೈರ್ ತಿನ್ನುವುದು ಕಾಲುಭಾಗ. ಹೇಗೂ ಅಮ್ಮನ ಮನೆಯಲ್ಲಿ 15 ಆಂಪಿಯರ್ ಪಾಯಿಂಟಿಗೆ ರಾತ್ರಿಯಿಡೀ ಹಾಕಿಟ್ಟಿರುತ್ತೇನೆ.

ಈ ಲೆಕ್ಕ ಕಾಗದದ ಮೇಲೆ ಬಂದ ಮೇಲೆ ನನ್ನ ಪಟ್ಟಿ ತಲೆಕೆಳಗಾಯಿತು. ಮೊದಲು ಒದ್ದೆ ರಸ್ತೆಯಲ್ಲಿ ಹಿಡಿತ. ಎರಡನೆಯದು ತೂಕ ಹೊರುವ ಶಕ್ತಿ. ರೇಂಜ್ ಮೂರನೆಯದು. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ದಿನಾ ಓಡಾಡುವವರು, ದಾರಿಯಲ್ಲಿ ಚಾರ್ಜ್‌ಗೆ ಕಾಯುವುದೇ ಕಷ್ಟವಾದವರು, ಇದನ್ನು ಬೇರೆ ಥರ ಜೋಡಿಸಬಹುದು. ನನಗೆ ವರ್ಷದಲ್ಲಿ ನಾಲ್ಕು ತಿಂಗಳು ಶಿರಾಡಿ ಮಳೆ.

ಟೈರಿನ ಪಕ್ಕೆಯ ಮೇಲೆ ಬರೆದಿರುವುದನ್ನು ಓದಲು ಕಲಿತದ್ದು ಈ ಎರಡು ವಾರದ ದೊಡ್ಡ ಲಾಭ. ನನ್ನದರ ಮೇಲೆ 215/60 ಆರ್16 95ಎಚ್ ಎಂದಿತ್ತು. 215 ಎಂದರೆ ಮಿಲಿಮೀಟರಿನಲ್ಲಿ ಅಗಲ. 60 ಎಂದರೆ ಪಕ್ಕೆಯ ಎತ್ತರ ಅಗಲದ ನೂರಕ್ಕೆ ಅರವತ್ತು, ಅಂದರೆ 129 ಮಿಲಿಮೀಟರ್. 16 ರಿಮ್ಮಿನ ಇಂಚು. ಎಚ್ ಎಂದರೆ ಗಂಟೆಗೆ 210 ಕಿಲೋಮೀಟರ್ ವೇಗದವರೆಗೆ ತಾಳುತ್ತದೆ, ನನಗೆ ಅದು ಮುಖ್ಯವಲ್ಲ. ಮುಖ್ಯವಾದದ್ದು ನಡುವಿನ 95. ಇದು ಲೋಡ್ ಇಂಡೆಕ್ಸ್. 95 ಎಂದರೆ ಒಂದು ಟೈರ್ 690 ಕಿಲೋ ಹೊರುತ್ತದೆ. ಇದೇ ಅಳತೆಯಲ್ಲಿ ಎಕ್ಸ್‌ಎಲ್ ಎಂದು ಬರೆದ, 99 ಇಂಡೆಕ್ಸಿನ ಟೈರೂ ಸಿಗುತ್ತದೆ. ಅದು 775 ಕಿಲೋ. ಇವಿಗೆ ಕಾರಿನ ಜೊತೆ ಬಂದ ಸಂಖ್ಯೆಗಿಂತ ಕಡಿಮೆಯದನ್ನು ಯಾವ ಕಾರಣಕ್ಕೂ ಹಾಕಿಸಬಾರದು, ಹೆಚ್ಚಿನದಾದರೆ ಅಡ್ಡಿಯಿಲ್ಲ.

ಇದು ಗೊತ್ತಿದ್ದದ್ದು ಒಳ್ಳೆಯದಾಯಿತು. ಬಿ.ಎಂ. ರಸ್ತೆಯ ಮೊದಲ ಅಂಗಡಿಯಲ್ಲಿ, "205 ಹಾಕ್ಸಿ ಮೇಡಂ, ಸಣ್ಣ ಟೈರು, ಚಾರ್ಜ್ ಜಾಸ್ತಿ ಬರುತ್ತೆ, ದುಡ್ಡೂ ಉಳಿಯುತ್ತೆ," ಎಂದರು. 205/60 ಆರ್16ರ ಮಾಮೂಲಿ ಲೋಡ್ ಇಂಡೆಕ್ಸ್ 92, ಅಂದರೆ 630 ಕಿಲೋ. ಪ್ರತಿ ಚಕ್ರದಲ್ಲೂ ಅರವತ್ತು ಕಿಲೋ ಕಡಿಮೆ. ಬೇಡ ಎಂದು ಬಂದೆ. ಅಕ್ಕನ ಮಗನದು ಇದಕ್ಕೆ ತದ್ವಿರುದ್ಧ. "ಚಿಕ್ಕಮ್ಮ, ಹೇಗೂ ಬದಲಾಯಿಸ್ತಿದ್ದೀರ, 17 ಇಂಚು ಅಲಾಯ್ ಹಾಕ್ಸಿಬಿಡಿ, ಲುಕ್ಕೇ ಬೇರೆ," ಎಂದ. 215/55 ಆರ್17 ಹಾಕಿದರೆ ಒಟ್ಟು ಎತ್ತರ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಆದರೆ ಪಕ್ಕೆಯ ರಬ್ಬರ್ 129ರಿಂದ 118 ಮಿಲಿಮೀಟರಿಗೆ ಇಳಿಯುತ್ತದೆ. ಸಕಲೇಶಪುರದಿಂದ ದೋಣಿಗಲ್ ಕಡೆಯ ಗುಂಡಿಗಳಲ್ಲಿ ಆ ಹನ್ನೊಂದು ಮಿಲಿಮೀಟರ್ ರಬ್ಬರೇ ರಿಮ್ಮನ್ನು ಕಾಯುವುದು. ಅವನಿಗೆ ಲೆಕ್ಕ ತೋರಿಸಿದೆ, ಒಪ್ಪಿದ.

ಇವಿಗೆಂದೇ ಮಾಡಿದ ಟೈರುಗಳು ನಮ್ಮಲ್ಲೂ ಬಂದಿವೆ. ಅಪೊಲೊದವರ ಆಂಪೇರಿಯನ್, ಸಿಯೆಟ್‌ನ ಎನರ್ಜಿಡ್ರೈವ್ ನಾನು ವಿಚಾರಿಸಿದವುಗಳಲ್ಲಿ ಇದ್ದವು. ಇಂಥ ಟೈರಿನಲ್ಲಿ ಉರುಳುವ ತಡೆ ಕಡಿಮೆ ಮಾಡುವ ಸಿಲಿಕಾ ಹೆಚ್ಚಿರುವ ರಬ್ಬರ್, ತೂಕಕ್ಕೆ ಗಟ್ಟಿ ಮಾಡಿದ ಪಕ್ಕೆ, ಸದ್ದು ಕಡಿಮೆ ಬರುವ ತೋಡಿನ ವಿನ್ಯಾಸ ಇರುತ್ತದೆ. ಇಂಜಿನ್ ಸದ್ದಿಲ್ಲದ ಕಾರಿನಲ್ಲಿ ಟೈರಿನ ಗುಂಯ್ ಎನ್ನುವ ಸದ್ದೇ ದೊಡ್ಡದಾಗಿ ಕೇಳುತ್ತದೆ, ಹಾಗಾಗಿ ಈ ಕೊನೆಯದು ಸಣ್ಣ ವಿಷಯವಲ್ಲ. ಆದರೆ ಪಕ್ಕೆಯ ಮೇಲೆ ಇವಿ ಎಂದು ಬರೆದಿರಲೇಬೇಕು ಎನ್ನುವ ಕಡ್ಡಾಯ ಇಲ್ಲ. ಅಳತೆ, ಲೋಡ್ ಇಂಡೆಕ್ಸ್ ಸರಿಯಿದ್ದು ರಬ್ಬರ್ ಒಳ್ಳೆಯದಿದ್ದರೆ ಮಾಮೂಲಿ ಟೈರೂ ಇವಿಗೆ ನಡೆಯುತ್ತದೆ. ಕೆಲವು ದುಬಾರಿ ಟೈರುಗಳಲ್ಲಿ ಸದ್ದು ಹೀರಲು ಒಳಗೆ ಸ್ಪಂಜಿನ ಪಟ್ಟಿ ಅಂಟಿಸಿರುತ್ತಾರೆ. ಅದನ್ನು ನಾನು ಬಿಟ್ಟೆ. ಪಂಕ್ಚರ್ ಆದರೆ ಒಳಗಿನಿಂದ ಪ್ಯಾಚ್ ಹಾಕುವವರು ಆ ಸ್ಪಂಜನ್ನು ಕತ್ತರಿಸಿ ತೆಗೆದು ಕೆಲಸ ಮಾಡಬೇಕು. ನೆಲ್ಯಾಡಿಯ ರಸ್ತೆ ಬದಿಯ ಪಂಕ್ಚರ್ ಅಂಗಡಿಯಲ್ಲಿ ಸಂಜೆ ಆರಕ್ಕೆ ನಿಂತವಳಿಗೆ ಅದು ಆಗದ ಮಾತು.

ಒದ್ದೆ ಹಿಡಿತವನ್ನು ಅಂಗಡಿಯಲ್ಲಿ ನಿಂತು ತಿಳಿಯುವುದು ಹೇಗೆ? ಇದಕ್ಕೇ ನಾನು ಹೆಚ್ಚು ಒದ್ದಾಡಿದ್ದು. ಯುರೋಪಿನಲ್ಲಿ ಪ್ರತಿ ಟೈರಿಗೂ ಚೀಟಿ ಅಂಟಿಸಿರುತ್ತಾರೆ. ಇಂಧನಕ್ಕೆ ‘ಎ’ಯಿಂದ ‘ಇ’ವರೆಗೆ ಒಂದು ಅಕ್ಷರ, ಒದ್ದೆ ಹಿಡಿತಕ್ಕೆ ಹಾಗೇ ಇನ್ನೊಂದು, ಸದ್ದಿಗೆ ಡೆಸಿಬೆಲ್. ನಮ್ಮಲ್ಲಿ ಐಎಸ್‌ಐ ಗುರುತು ಕಡ್ಡಾಯ. ಉರುಳುವ ತಡೆ, ಒದ್ದೆ ಹಿಡಿತ, ಸದ್ದು ಮೂರಕ್ಕೂ ಎಐಎಸ್-142 ಎಂಬ ಮಾನದಂಡ ಇದೆ. ಫ್ರಿಜ್ಜಿಗೆ ಇದ್ದ ಹಾಗೆ ಬಿಇಇ ಸ್ಟಾರ್ ಕೂಡ ಟೈರಿಗೆ ಬಂದಿದೆ, ಆದರೆ ಆ ಸ್ಟಾರ್ ಮುಖ್ಯವಾಗಿ ಹೇಳುವುದು ಇಂಧನ ಉಳಿತಾಯದ ಮಾತನ್ನು. ಐದು ಸ್ಟಾರ್ ನೋಡಿ ಮಳೆಯಲ್ಲೂ ಇದೇ ಉತ್ತಮ ಎಂದುಕೊಂಡರೆ ತಪ್ಪಾಗುತ್ತದೆ. ನಾನು ಮಾಡಿದ್ದು ಇಷ್ಟು: ಪಟ್ಟಿಯಲ್ಲಿ ಉಳಿದ ಮೂರು ಟೈರುಗಳ ತಯಾರಕರ ಮಾಹಿತಿಯಲ್ಲಿ ಒದ್ದೆ ಹಿಡಿತದ ಬಗ್ಗೆ ಏನಿದೆ ಎಂದು ಓದಿದೆ. ಸಕಲೇಶಪುರ, ಮಡಿಕೇರಿ, ಸುಳ್ಯದ ಕಡೆ ಅದೇ ಟೈರಿನಲ್ಲಿ ಕನಿಷ್ಠ ಒಂದು ಮಳೆಗಾಲ ಓಡಿಸಿದವರನ್ನು ಹುಡುಕಿ ಫೋನಿನಲ್ಲಿ ಮಾತಾಡಿದೆ. ಐದು ಜನರಲ್ಲಿ ನಾಲ್ಕು ಜನ ಒಂದೇ ಟೈರನ್ನು ಹೇಳಿದರು. ಅದು 99 ಇಂಡೆಕ್ಸಿನಲ್ಲೂ ಸಿಗುತ್ತಿತ್ತು. ಅದನ್ನೇ ಗೊತ್ತು ಮಾಡಿದೆ. ಹೆಸರು ಬರೆಯದಿರುವುದಕ್ಕೆ ಕಾರಣ ಇದೆ: ನಿಮ್ಮ ಕಾರಿನ ಅಳತೆ ಬೇರೆ, ರಸ್ತೆ ಬೇರೆ, ಅದೇ ಕಂಪನಿಯ ಟೈರ್ ಬೇರೆ ಅಳತೆಯಲ್ಲಿ ಬೇರೆ ಥರ ನಡೆದುಕೊಳ್ಳಬಹುದು.

ಎರಡೋ, ನಾಲ್ಕೋ? ಹಿಂದಿನವುಗಳಲ್ಲಿ ಇನ್ನೂ 4.8 ಇತ್ತು. ಎರಡೇ ಹಾಕಿಸಬಹುದಿತ್ತು. ಹಾಗೆ ಎರಡೇ ಹಾಕಿಸುವುದಾದರೆ ಹೊಸವು ಹಿಂದಿನ ಚಕ್ರಕ್ಕೆ ಹೋಗಬೇಕು. ಹಿಂದೆ ಹಿಡಿತ ತಪ್ಪಿದ ಕಾರು ತಿರುಗಿ ನಿಂತುಬಿಡುತ್ತದೆ, ಅದನ್ನು ಸಾಮಾನ್ಯ ಚಾಲಕರು ಸರಿಪಡಿಸಿಕೊಳ್ಳುವುದು ಕಷ್ಟ. ಆದರೆ ನನ್ನ ಹಳೆಯವು ನಾಲ್ಕೂವರೆ ವರ್ಷ ಬಿಸಿಲು ಕಂಡಿದ್ದವು, ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕು ಶುರುವಾಗಿತ್ತು. ಹಿಂದೊಂದು ರಬ್ಬರ್, ಮುಂದೊಂದು ರಬ್ಬರ್ ಬೇಡವೆಂದು ನಾಲ್ಕನ್ನೂ ತೆಗೆದುಕೊಂಡೆ. ಫಿಟ್ಟಿಂಗ್ ಸೇರಿ ನಲವತ್ತು ಸಾವಿರದ ಹತ್ತಿರ ಹತ್ತಿರ ಆಯಿತು. ಮನೆಯಲ್ಲಿ ಆ ತಿಂಗಳು ಬೇರೆ ಎರಡು ಖರ್ಚು ಮುಂದೂಡಿದೆವು.

ಅಂಗಡಿಯಲ್ಲಿ ಮೊದಲು ತಂದಿಟ್ಟ ಟೈರುಗಳ ಪಕ್ಕೆಯಲ್ಲಿ ಡಿಒಟಿ ಅಕ್ಷರಗಳ ಕೊನೆಗಿದ್ದ ನಾಲ್ಕು ಅಂಕಿ ಓದಿದೆ: 0923. ಮೊದಲೆರಡು ವಾರ, ಕೊನೆಯೆರಡು ವರ್ಷ. ಅಂದರೆ 2023ರ ಒಂಬತ್ತನೇ ವಾರದಲ್ಲಿ ತಯಾರಾದದ್ದು, ಎರಡು ವರ್ಷಕ್ಕೂ ಹೆಚ್ಚು ಗೋಡೌನಿನಲ್ಲಿ ಇದ್ದದ್ದು. ಬೇರೆ ಬೇಕು ಎಂದೆ. ಯಜಮಾನರು ಬೇಸರ ಮಾಡಿಕೊಳ್ಳಲಿಲ್ಲ. "ಬೆಂಗಳೂರಿಂದ ತರಿಸಿಕೊಡ್ತೀನಿ ಮೇಡಂ, ಮೂರು ದಿನ ಕೊಡಿ," ಎಂದರು. ಬಂದವು 1425. ಬೆರಳಿಟ್ಟು ನಾಲ್ಕರಲ್ಲೂ ಓದಿ ನೋಡಿದೆ.

ಇನ್ನೊಂದು ಸಂಗತಿ ಎಲ್ಲ ಇವಿ ಮಾಲೀಕರೂ ಗಮನದಲ್ಲಿಡಬೇಕಾದದ್ದು. ಚಕ್ರ ಬಿಚ್ಚಲು ಹುಡುಗನೊಬ್ಬ ದೊಡ್ಡ ಟ್ರಾಲಿ ಜಾಕನ್ನು ಸರಸರ ಎಳೆದುಕೊಂಡು ಬಂದು ಕಾರಿನ ಹೊಟ್ಟೆಯ ಕೆಳಗೆ ದೂಡಿದ. ಜಾಕಿನ ಕಬ್ಬಿಣದ ತಟ್ಟೆ ಬ್ಯಾಟರಿ ಪೆಟ್ಟಿಗೆಯ ಅಂಚಿನ ಕೆಳಗೇ ಹೋಗಿತ್ತು. ಹಿಡಿಕೆ ಒಂದು ಸಲ ಒತ್ತಿಯೂ ಆಗಿತ್ತು. "ನಿಲ್ಲಪ್ಪ, ನಿಲ್ಲು, ಅಲ್ಲಿ ಬ್ಯಾಟರಿ ಇದೆ!" ಎಂದು ಕೂಗಿದೆ. ಅವನು ಕೈ ಬಿಟ್ಟ. ಯಜಮಾನರು ಓಡಿ ಬಂದು ಮಂಡಿಯೂರಿ ನೋಡಿದರು. ತಾಗಿರಲಿಲ್ಲ, ಎರಡು ಬೆರಳು ಜಾಗವಿತ್ತು. ಬಾಗಿಲ ಕೆಳಗಿನ ಅಂಚಿನಲ್ಲಿ ಜಾಕ್ ಕೊಡಲೆಂದೇ ಗುರುತು ಮಾಡಿದ ಗಟ್ಟಿ ಜಾಗವಿದೆ. ಕೈಪಿಡಿಯ ಆ ಪುಟ ತೆಗೆದು ತೋರಿಸಿದೆ. ರಬ್ಬರ್ ತುಂಡು ಇಟ್ಟು ಅಲ್ಲೇ ಎತ್ತಿದರು. ಹುಡುಗನದು ತಪ್ಪೇನಿಲ್ಲ, ದಿನಾ ಎತ್ತುವ ಕಾರುಗಳಲ್ಲಿ ಅಲ್ಲಿ ಬ್ಯಾಟರಿ ಇರುವುದಿಲ್ಲ. ಅವನು ಆಮೇಲೆ ಉಳಿದ ಮೂರು ಕಡೆಯೂ ಎತ್ತುವ ಮೊದಲು ನನ್ನನ್ನು ಕೇಳಿದ.

ಟೈರಿನ ಮೇಲಿದ್ದ ಹಳದಿ ಚುಕ್ಕೆಯನ್ನು ಗಾಳಿ ವಾಲ್ವಿನ ನೇರಕ್ಕೆ ತಂದು ಕೂರಿಸಿದರು. ಅದು ಟೈರಿನ ಹಗುರ ಭಾಗದ ಗುರುತು, ವಾಲ್ವಿನ ತೂಕ ಅದಕ್ಕೆ ಸರಿದೂಗುತ್ತದೆ. ವಾಲ್ವುಗಳೂ ಹೊಸವು. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಆಯಿತು. ಕೊನೆಯಲ್ಲಿ "ಇವಿ ಭಾರ ಅಲ್ವಾ ಮೇಡಂ" ಎಂದು ನಲವತ್ತು ಪೌಂಡ್ ಗಾಳಿ ತುಂಬಿದ್ದರು. ಚಾಲಕನ ಬಾಗಿಲ ಕಂಬದ ಚೀಟಿಯಲ್ಲಿ ಇರುವುದು ಅದಕ್ಕಿಂತ ಕಡಿಮೆ. ಆ ಭಾರ ಲೆಕ್ಕ ಹಾಕಿಯೇ ಕಂಪನಿಯವರು ಆ ಚೀಟಿ ಅಂಟಿಸಿರುವುದು. ಗಾಳಿ ಹೆಚ್ಚಾದರೆ ನೆಲ ಹಿಡಿಯುವ ರಬ್ಬರಿನ ಜಾಗ ಕುಗ್ಗುತ್ತದೆ, ನಡುಭಾಗ ಮಾತ್ರ ಸವೆಯುತ್ತದೆ. ಚೀಟಿಯ ಮಟ್ಟಕ್ಕೆ ಇಳಿಸಿಕೊಂಡೆ. ನೈಟ್ರೋಜನ್ ಬೇಡ ಎಂದೆ. ಮಾಮೂಲಿ ಗಾಳಿಯಲ್ಲೇ ನೂರಕ್ಕೆ ಎಪ್ಪತ್ತೆಂಟು ಭಾಗ ಅದೇ ಇದೆ, ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ತಣ್ಣಗಿರುವಾಗ ಅಳೆದರೆ ಸಾಕು. ತಣ್ಣಗಿರುವಾಗಲೇ ಅಳೆಯಬೇಕು. ಹಾಸನದ ಮುಂಜಾನೆ ತುಂಬಿದ ಗಾಳಿ ಉಪ್ಪಿನಂಗಡಿಯ ಮಧ್ಯಾಹ್ನದ ಸೆಖೆಗೆ ತಾನಾಗಿ ಏರಿರುತ್ತದೆ. ಅಲ್ಲಿ ನೋಡಿ ಗಾಳಿ ಬಿಟ್ಟರೆ ವಾಪಸ್ ಬಂದಾಗ ಕಡಿಮೆ ಬೀಳುತ್ತದೆ.

ಮೊದಲ ಇನ್ನೂರು-ಮುನ್ನೂರು ಕಿಲೋಮೀಟರ್ ಜೋರಾಗಿ ಬ್ರೇಕ್ ಹಾಕದೆ, ಜೋರಾಗಿ ಎಳೆಯದೆ ಓಡಿಸಿದೆ. ಅಚ್ಚಿನಿಂದ ಬಿಡಿಸಲು ಬಳಿದ ಜಿಡ್ಡು ಹೋಗುವವರೆಗೆ ಹೊಸ ಟೈರಿಗೆ ಪೂರ್ತಿ ಹಿಡಿತ ಬರುವುದಿಲ್ಲ.

ರೇಂಜಿನ ಮಾತು. ಹಳೆ ಟೈರಿನಲ್ಲಿ ಕೊನೆಯ ದಿನಗಳಲ್ಲಿ ಯೂನಿಟ್ಟಿಗೆ 7.2 ತೋರಿಸುತ್ತಿತ್ತು. ಹೊಸದರಲ್ಲಿ ಮೊದಲ ವಾರ 6.7. ಎದೆ ಧಸಕ್ಕೆಂದಿತು, ಸಹೋದ್ಯೋಗಿ ಹೇಳಿದ್ದೇ ಆಯಿತಲ್ಲ ಎಂದು. ಆಮೇಲೆ ನಿಧಾನವಾಗಿ ಯೋಚಿಸಿದಾಗ ಈ ಹೋಲಿಕೆಯೇ ಸರಿಯಿಲ್ಲ ಎಂದು ಹೊಳೆಯಿತು. ಸವೆದ ಟೈರಿನಲ್ಲಿ ಅಮುಕಲು ರಬ್ಬರೇ ಕಡಿಮೆ, ಹಾಗಾಗಿ ಅದು ಹೊಸದಿದ್ದಾಗಿನಕ್ಕಿಂತ ಹಗುರವಾಗಿ ಉರುಳುತ್ತದೆ. ಇನ್ನೊಂದು, ಐದೂವರೆ ಮಿಲಿಮೀಟರ್ ಸವೆದ ಚಕ್ರ ಸಣ್ಣದಾಗಿರುತ್ತದೆ, ಒಂದು ಸುತ್ತಿಗೆ ಕ್ರಮಿಸುವ ದೂರ ಕಡಿಮೆ. ಸುತ್ತು ಎಣಿಸುವ ಮೀಟರಿಗೆ ಅದು ಗೊತ್ತಾಗುವುದಿಲ್ಲ. 332 ಮಿಲಿಮೀಟರ್ ತ್ರಿಜ್ಯದಲ್ಲಿ ಐದೂವರೆ ಹೋದರೆ ನೂರಕ್ಕೆ 1.7 ವ್ಯತ್ಯಾಸ. ಮೀಟರ್ 200 ಎಂದಾಗ ನಾನು ನಿಜವಾಗಿ ಓಡಿದ್ದು 197ರ ಒಳಗೆ. ಹಳೆಯ 7.2ರಲ್ಲಿ ಒಂದು ಪಾಲು ಇಲ್ಲದ ಕಿಲೋಮೀಟರೇ. ಆರು ವಾರ ಕಳೆದ ಮೇಲೆ ಸರಾಸರಿ 6.9ಕ್ಕೆ ಬಂದು ನಿಂತಿದೆ. ಪೂರ್ತಿ ಚಾರ್ಜಿಗೆ ಮೀಟರಿನ ಲೆಕ್ಕದಲ್ಲೇ ಒಂಬತ್ತು ಕಿಲೋಮೀಟರ್ ಕಡಿಮೆ. ನನಗೆ ಇದು ಸಮ್ಮತ.

ಆಗಸ್ಟ್ ಎರಡನೇ ವಾರ ಅಮ್ಮನಿಗೆ ಫೋನು ಮಾಡಿದಾಗ, "ಮಳೆ ಜೋರು ಉಂಟು ಮಗಾ, ನಿಧಾನ ಬಾ," ಎಂದರು. ಕೆಂಪುಹೊಳೆಯ ಹತ್ತಿರ ರಸ್ತೆಯ ಮೇಲೆ ಅದೇ ಥರ ನೀರು. ನಾನು ಮೊದಲೇ ವೇಗ ಇಳಿಸಿದ್ದೆ, ಪೆಡಲನ್ನು ಒಮ್ಮೆಲೇ ಬಿಡದೆ ನಿಧಾನಕ್ಕೆ ಎತ್ತಿದೆ. ಚಕ್ರದ ಕಮಾನಿನ ಒಳಗೆ ನೀರು ಭೋರ್ ಎಂದು ಬಡಿಯಿತು. ಸ್ಟಿಯರಿಂಗಿನಲ್ಲಿ ತೂಕ ಹಾಗೇ ಇತ್ತು. ಮಗಳು ಫೋನ್ ನೋಡುತ್ತಿದ್ದವಳು ತಲೆ ಎತ್ತಲಿಲ್ಲ.

ಗೇಜ್ ಈಗ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲೇ ಇರುತ್ತದೆ. ಮೊನ್ನೆ ಅಳೆದಾಗ ಮುಂದಿನವು 7.2, ಹಿಂದಿನವು 7.5. ಎಂಟು ಸಾವಿರ ಕಿಲೋಮೀಟರ್ ಆಗುತ್ತಲೇ ಹಿಂದು-ಮುಂದು ಬದಲಿಸಬೇಕೆಂದು ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೇನೆ.